ಸಲಕರಣೆ ಇಲ್ಲದೆ ಹೊಟ್ಟೆ, ಸೊಂಟ ಗಟ್ಟಿಯಾಗಲು ಏನು ಮಾಡಬೇಕು?

ಪ್ರಶ್ನೆ:
ದಿನವಿಡೀ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ ನನ್ನದು. ವಯಸ್ಸು 41. ಸಂಜೆಯಾಗುತ್ತಲೇ ಸೊಂಟ ಹಿಡಿದುಕೊಳ್ಳುತ್ತದೆ. ವೈದ್ಯರು ಪರೀಕ್ಷಿಸಿ, ಗಾಬರಿಪಡುವಂಥದ್ದೇನೂ ಇಲ್ಲ, ವ್ಯಾಯಾಮ ಸಾಲದು ಎಂದಿದ್ದಾರೆ. ಜಿಮ್‌ಗೆ ಹೋಗುವಷ್ಟು ಬಿಡುವಿಲ್ಲ. ಮನೆಯಲ್ಲಿ ಒಂದು ಡಂಬೆಲ್ ಕೂಡ ಇಲ್ಲ. ಸದ್ಯ ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್ ಮಾಡುತ್ತಿದ್ದೇನೆ. ಒಂದು ನಿಮಿಷ ದಾಟಿದರೆ ಹೊಟ್ಟೆಗಿಂತ ಸೊಂಟದಲ್ಲೇ ಹೆಚ್ಚು ಎಳೆತ. ದಿನಕ್ಕೆ 50 ಸಿಟ್‌ಅಪ್ ಹೊಡೆದರೆ ಬೊಜ್ಜೂ ಕರಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಶುರು ಮಾಡಲೇ?

ಉತ್ತರ 1:
ಬೆನ್ನುನೋವಿನವರಿಗೆ ವ್ಯಾಯಾಮ ಹೇಳಿಕೊಡುವುದೇ ನನ್ನ ಕೆಲಸ. ಸಿಟ್‌ಅಪ್ ಸದ್ಯಕ್ಕೆ ಬೇಡ. ಅದರಲ್ಲಿ ತೊಡೆಯನ್ನು ಮೇಲೆತ್ತುವ ಸ್ನಾಯುಗಳ ಪಾಲು ದೊಡ್ಡದು, ಬೆನ್ನೆಲುಬು ಮತ್ತೆ ಮತ್ತೆ ಬಾಗುತ್ತದೆ. ಮೊದಲೇ ಹಿಡಿದುಕೊಂಡಿರುವ ಸೊಂಟಕ್ಕೆ ಅದು ಹಿತವಲ್ಲ. ಇನ್ನು ಬೊಜ್ಜಿನ ಮಾತು. ಯಾವ ಜಾಗದ ಸ್ನಾಯುವನ್ನು ದುಡಿಸಿದರೆ ಅದೇ ಜಾಗದ ಕೊಬ್ಬು ಕರಗುತ್ತದೆ ಎಂಬುದು ನಿಜವಲ್ಲ.

ಕೋರ್ ಎಂದರೆ ಮುಂದೆ ಕಾಣುವ ಹೊಟ್ಟೆಯಷ್ಟೇ ಅಲ್ಲ. ಪಕ್ಕೆಯ ಓರೆ ಸ್ನಾಯುಗಳು, ಹೊಟ್ಟೆಯನ್ನು ಸುತ್ತುವರಿದ ಒಳಪದರ, ಬೆನ್ನೆಲುಬಿಗೆ ಅಂಟಿಕೊಂಡ ಸಣ್ಣ ಸ್ನಾಯುಗಳು, ಮೇಲೆ ಉಸಿರಾಟದ ಸ್ನಾಯುವಾದ ವಪೆ, ಕೆಳಗೆ ಶ್ರೋಣಿಯ ತಳದ (ಕಿಬ್ಬೊಟ್ಟೆಯ ಅಡಿಯ) ಸ್ನಾಯುಗಳು, ಇಷ್ಟೂ ಸೇರುತ್ತವೆ. ಕೈಕಾಲು ಆಡುವಾಗ ನಡು ಅಲುಗದಂತೆ ಹಿಡಿದಿಡುವುದು ಇವುಗಳ ಮುಖ್ಯ ಕೆಲಸ. ಅಭ್ಯಾಸವೂ ಅದೇ ಆಗಬೇಕು.

ಪ್ಲ್ಯಾಂಕ್‌ನಲ್ಲಿ ನಿಮಗೆ ಆಗುತ್ತಿರುವುದು ಇಷ್ಟು: ಹೊಟ್ಟೆ ಸೋಲುತ್ತದೆ, ಸೊಂಟ ಕೆಳಗೆ ಜೋಲುತ್ತದೆ, ಭಾರವೆಲ್ಲ ಅಲ್ಲಿಗೆ ಇಳಿಯುತ್ತದೆ. ಗಡಿಯಾರ ನೋಡುವುದನ್ನು ಬಿಡಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದ ಸ್ಟುವರ್ಟ್ ಮೆಕ್‌ಗಿಲ್ ಅವರ ಸಲಹೆಯೂ 10 ಸೆಕೆಂಡಿನಷ್ಟು ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದೇ. ಅವರು ಆರಿಸಿದ ಮೂರು ವ್ಯಾಯಾಮಗಳು ಹೆಸರಾಗಿವೆ: ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪವೇ ಎತ್ತುವ ಕರ್ಲ್‌ಅಪ್, ಪಕ್ಕಕ್ಕೆ ತಿರುಗಿ ಒಂದು ಮೊಣಕೈ ಊರಿ ಸೊಂಟವನ್ನು ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್, ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರಿನ ಕೈಕಾಲು ಚಾಚುವ ಬರ್ಡ್ ಡಾಗ್. ಸೈಡ್ ಪ್ಲ್ಯಾಂಕನ್ನು ಮೊಣಕಾಲು ಮಡಚಿಯೇ ಆರಂಭಿಸಿ.

ಇವುಗಳ ಜೊತೆಗೆ ನಾನು ಎಲ್ಲರಿಗೂ ಡೆಡ್ ಬಗ್ ಕಲಿಸುತ್ತೇನೆ. ಅಂಗಾತ ಮಲಗಿ, ಕೈಗಳನ್ನು ಮೇಲಕ್ಕೆ ಚಾಚಿ, ಸೊಂಟವೂ ಮೊಣಕಾಲೂ 90 ಡಿಗ್ರಿ ಮಡಚಿರುವಂತೆ ಕಾಲೆತ್ತಿ. ಈಗ ಉಸಿರು ಬಿಡುತ್ತಾ ಬಲಗೈಯನ್ನು ತಲೆಯ ಹಿಂದಕ್ಕೂ ಎಡಗಾಲನ್ನು ಮುಂದಕ್ಕೂ ನಿಧಾನವಾಗಿ ಇಳಿಸಿ. ಕಾಲು ನೆಲ ಸಮೀಪಿಸುತ್ತಿದ್ದಂತೆ ಕೆಳಬೆನ್ನು ನೆಲ ಬಿಟ್ಟು ಕಮಾನಾಗಲು ಹವಣಿಸುತ್ತದೆ. ಆ ಕ್ಷಣವೇ ನಿಮ್ಮ ಎಲ್ಲೆ. ಅಲ್ಲಿಂದ ಒಂದು ಗೇಣು ಮೇಲಕ್ಕೇ ನಿಲ್ಲಿಸಿ, ಹಿಂದಿರುಗಿ, ಇನ್ನೊಂದು ಬದಿ ಮಾಡಿ. ಉಸಿರು ಕಟ್ಟಿದರೆ ಲೆಕ್ಕಕ್ಕಿಲ್ಲ. ಸರಿಯಾಗಿ ಮಾಡಿದ ಐದಾರು ಸಲವೇ ಹೊಟ್ಟೆಯನ್ನು ನಡುಗಿಸುತ್ತದೆ.

ದಮ್ಮು ಹೆಚ್ಚಲು ಬಿರುಸಿನ ನಡಿಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಕುರ್ಚಿಯಿಂದ ಆಗಾಗ ಏಳುವುದನ್ನಂತೂ ತಪ್ಪಿಸಬೇಡಿ.

ಉತ್ತರ 2:
ಇದನ್ನು ಓದುವ ಬಾಣಂತಿಯರಿಗೆ ಒಂದು ಮಾತು. ಹೆರಿಗೆಯ ನಂತರ ತಲೆ ಎತ್ತಿದಾಗ ಹೊಟ್ಟೆಯ ನಡುಗೆರೆ ಏಣಿನಂತೆ ಉಬ್ಬಿದರೆ, ಕರ್ಲ್‌ಅಪ್, ಪ್ಲ್ಯಾಂಕ್ ಎರಡನ್ನೂ ಸದ್ಯಕ್ಕೆ ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ನನಗೆ ಹಾಗಾಗಿತ್ತು. ಉಸಿರಿನ ಅಭ್ಯಾಸ, ಮಲಗಿ ಹಿಮ್ಮಡಿ ಜಾರಿಸುವುದು, ಇಂಥ ಸಣ್ಣ ಚಲನೆಗಳಿಂದಲೇ ಬಲ ಮರಳಿತು.

ಪ್ರಶ್ನೆ ಕೇಳಿದವರು:
ಡೆಡ್ ಬಗ್ ಮಾಡಿ ನೋಡಿದೆ. ಎಡಗಾಲು ಅರ್ಧ ಇಳಿಯುವಷ್ಟರಲ್ಲೇ ಬೆನ್ನು ಏಳುತ್ತದೆ, ಬಲಗಾಲಿಗೆ ಅಷ್ಟು ಕಷ್ಟವಿಲ್ಲ. ಇದು ಸಹಜವೇ? ಮುಂದೆ ಸಲೀಸಾದ ಮೇಲೆ ಭಾರವಿಲ್ಲದೆ ಕಷ್ಟ ಹೆಚ್ಚಿಸುವುದು ಹೇಗೆ?

ಉತ್ತರ 1:
ಎರಡು ಬದಿಯ ಬಲದಲ್ಲಿ ಒಂದಿಷ್ಟು ವ್ಯತ್ಯಾಸ ಬಹುತೇಕ ಎಲ್ಲರಲ್ಲೂ ಇರುತ್ತದೆ. ಎಡಗಾಲಿನಿಂದಲೇ ಆರಂಭಿಸಿ, ಅದಕ್ಕೆ ಸಾಧ್ಯವಾದಷ್ಟನ್ನೇ ಬಲಕ್ಕೂ ಮಾಡಿ. ಅರ್ಧಕ್ಕೇ ಬೆನ್ನು ಏಳುವುದಾದರೆ ಮೊಣಕಾಲು ಮಡಚಿಕೊಂಡೇ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ. ಕೈಗಳು ಮೇಲೇ ಇರಲಿ.

ಸಲೀಸಾದ ಮೇಲೆ ಕಾಲನ್ನು ಪೂರ್ತಿ ನೀಡಿ. ನೀಳವಾದಷ್ಟೂ ಅದೇ ಕಾಲು ಹೆಚ್ಚು ಭಾರವಾಗುತ್ತದೆ. ಬಳಿಕ ಇಳಿಸುವ ವೇಗ ಕಡಿಮೆ ಮಾಡಿ. ಸೈಡ್ ಪ್ಲ್ಯಾಂಕ್‌ನಲ್ಲಿ ಮೊಣಕಾಲಿನ ಬದಲು ಪಾದದ ಮೇಲೆ ನಿಲ್ಲಿ.

ಕಾಲಿಗೆ ನೋವು ಹರಿದರೆ, ಜೋಮು ಹಿಡಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಭಾಗ ಮರಗಟ್ಟಿದರೆ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.