ಪದಚರ್ಚೆ: ಪದಕದ ಅಂಚಿನ ‘ರೀಪ್ಲೇಸ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಸಾಧಾರಣ ಬ್ರಿಟಿಷ್ ಸಿಪಾಯಿಯ ಪದಕ ಸಿಕ್ಕಿದರೆ ಅವನ ಸೇವೆಯ ಕಥೆಯನ್ನು ಹುಡುಕುವುದು ಹೇಗೆ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ, ಬ್ರಿಟಿಷರು 1878-80ರಲ್ಲಿ ಆಫ್ಘಾನಿಸ್ತಾನದಲ್ಲಿ ಮಾಡಿದ ಎರಡನೇ ಆಫ್ಘನ್ ಯುದ್ಧದ ಬೆಳ್ಳಿ ಪದಕ ತೆಗೆದುಕೊಂಡಿದ್ದೇನೆ. ಒಂದು ಪದದ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ.

ಪದಕ ಹೇಗಿದೆ ಅಂತ ಮೊದಲು ಹೇಳುತ್ತೇನೆ. ಅಗಲ 36 ಮಿಲಿಮೀಟರ್. ಒಂದು ಮುಖದಲ್ಲಿ ಕಿರೀಟ ತೊಟ್ಟ ರಾಣಿ. ಇನ್ನೊಂದರಲ್ಲಿ ಸಾಗುತ್ತಿರುವ ದಂಡು, ಆನೆಯ ಬೆನ್ನ ಮೇಲೆ ತೋಪು, ಕೆಳಗೆ 1878-79-80. ಹಸಿರು ರಿಬ್ಬನ್, ಎರಡೂ ಅಂಚಿಗೆ ಕೆಂಪು. ಹುಡುಕುವವರಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಪದಕದ ದಪ್ಪ ಕಾಣುವ ಅಂಚು. ಅಲ್ಲಿ ಸಿಪಾಯಿಯ ನಂಬರ್, ದರ್ಜೆ, ಹೆಸರು, ರೆಜಿಮೆಂಟ್ ಇರುತ್ತವೆ. ಆ ಕಾಲದ ಕೆಲವು ಪದಕಗಳಲ್ಲಿ ಇವುಗಳ ಜೊತೆ ‘ರೀಪ್ಲೇಸ್‌ಮೆಂಟ್’ ಅಂತಲೋ ‘ಡೂಪ್ಲಿಕೇಟ್’ ಅಂತಲೋ ಒತ್ತಿರುತ್ತಾರೆ. ಮೊದಲು ಕೊಟ್ಟ ಪದಕ ಕಳೆದುಹೋಗಿ, ಸರ್ಕಾರವೇ ಅದೇ ಮನುಷ್ಯನ ಹೆಸರಿಗೆ ಮತ್ತೆ ಕೊಟ್ಟದ್ದು ಅಂತ ಅರ್ಥ. ಸಾಮಾನ್ಯವಾಗಿ ಅದರ ಬೆಲೆಯನ್ನು ಸಿಪಾಯಿಯೇ ಕಟ್ಟಬೇಕಿತ್ತು. ಪದಕ ಕಳೆದುಕೊಳ್ಳುವುದು ಬೇರೆ, ಮಾರುವುದು ಅಥವಾ ಗಿರವಿ ಇಡುವುದು ಬೇರೆ. 1881ರ ಸೇನಾ ಕಾಯ್ದೆಯಲ್ಲಿ ಎರಡನೆಯದು ಶಿಕ್ಷೆಗೆ ಗುರಿಯಾಗುವ ಅಪರಾಧ.

ಈಗ ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ನಕಲು ಪದಕ’ ಅಂದರೆ ಓದುವವರ ಕಣ್ಣಿಗೆ ‘ನಕಲಿ’ ಅಂತಲೇ ಕಾಣುತ್ತದೆ. ‘ಡೂಪ್ಲಿಕೇಟ್’ ಪದವನ್ನು ಹಾಗೇ ಇಟ್ಟುಕೊಳ್ಳೋಣವೆಂದರೆ ಅದಕ್ಕೂ ಎರಡು ಮುಖ. ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್ ಅಂದರೆ ಬೋರ್ಡ್ ಕೊಟ್ಟ ಸಾಚಾ ಕಾಗದ. ಆದರೆ ಅಂಗಡಿಯಲ್ಲಿ ‘ಇದು ಡೂಪ್ಲಿಕೇಟ್ ಮಾಲು’ ಅಂದರೆ ಮೋಸ. ಪದಕದ ವಿಷಯದಲ್ಲಿ ಈ ಗೊಂದಲ ಬರಲೇಬಾರದು. ಆ ಸಿಪಾಯಿ ನಿಜವಾಗಿ ಕಂದಹಾರದ ತನಕ ನಡೆದವನು, ಗೌರವ ಅವನದೇ, ಬೆಳ್ಳಿಯ ಬಿಲ್ಲೆ ಮಾತ್ರ ಎರಡನೆಯದು.

ಇನ್ನೂ ಒಂದು ತೊಡಕಿದೆ. ಪದಕ ಕಳೆದುಕೊಂಡ ಕೆಲವರು ಸರ್ಕಾರಕ್ಕೆ ಅರ್ಜಿ ಹಾಕುತ್ತಿರಲಿಲ್ಲ. ಬೇರೆಯವನ ಪದಕ ಕೊಂಡು, ಅಂಚಿನ ಹೆಸರನ್ನು ಉಜ್ಜಿಸಿ ತಮ್ಮ ಹೆಸರು ಕೊರೆಸಿಕೊಳ್ಳುತ್ತಿದ್ದರು. ಹಾಗೆ ಉಜ್ಜಿದ ಕಡೆ ಲೋಹ ತುಸು ಸವೆದಿರುತ್ತದೆ, ಅಳತೆ ಮಾಡಿದರೆ ಗೊತ್ತಾಗುತ್ತದೆ. ಸಂಗ್ರಹಕಾರರಿಗಾಗಿ ಈಚೆಗೆ ಮಾಡಿದ, ‘ಕಾಪಿ’ ಅಂತ ಒತ್ತಿದ ಪದಕಗಳೂ ಇವೆ. ಮೋಸಕ್ಕೆಂದೇ ಮಾಡಿದವು ಬೇರೆ. ಇವೆಲ್ಲಕ್ಕೂ ನಾವು ‘ನಕಲು’ ಅಂತಲೇ ಅಂದುಬಿಟ್ಟರೆ ಓದುಗರಿಗೆ ದಾರಿಯೇ ತಪ್ಪುತ್ತದೆ.

ನನ್ನ ಸಲಹೆ ‘ಬದಲಿ ಪದಕ’. ಬದಲಿ ಆಟಗಾರ, ಬದಲಿ ರಜೆ ಎಲ್ಲರಿಗೂ ಗೊತ್ತು, ಅದರಲ್ಲಿ ಕಳ್ಳತನದ ವಾಸನೆ ಇಲ್ಲ. ಹೆಸರು ಉಜ್ಜಿಸಿದ್ದಕ್ಕೆ ‘ಹೆಸರು ತಿದ್ದಿದ ಪದಕ’, ಸಂಗ್ರಹಕಾರರದ್ದಕ್ಕೆ ‘ಪ್ರತಿಕೃತಿ’, ಮೋಸದ್ದಕ್ಕೆ ‘ನಕಲಿ’. ‘ಮರುಪದಕ’ವನ್ನೂ ಯೋಚಿಸಿದೆ. ಆದರೆ ಅದು ಎರಡನೇ ಸಲ ಪದಕ ಗೆದ್ದ ಹಾಗೆ ಕೇಳಿಸುತ್ತದೆ, ಅಲ್ವಾ?

ಇದರ ಪಕ್ಕದಲ್ಲೇ ಬರುವ ಪದಗಳನ್ನೂ ಕೇಳಿಬಿಡುತ್ತೇನೆ. ಯಾರಿಗೆ ಯಾವ ಪದಕ ಕೊಟ್ಟರು ಅಂತ ರೆಜಿಮೆಂಟುಗಳು ಬರೆದ ‘ಮೆಡಲ್ ರೋಲ್’ಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 100 (ಡಬ್ಲ್ಯೂಓ ಅಂದರೆ ವಾರ್ ಆಫೀಸ್, ಬ್ರಿಟನ್ನಿನ ಯುದ್ಧ ಇಲಾಖೆ) ಎಂಬ ಸಾಲಿನಲ್ಲಿವೆ. ‘ಪದಕಪಟ್ಟಿ’ ಅಂದರೆ ಒಲಿಂಪಿಕ್ಸ್ ನೆನಪಾಗುತ್ತದೆ. ಅದಕ್ಕೇ ‘ಪದಕದ ವಹಿ’ ಅಂತ ಬರೆದಿದ್ದೇನೆ. ಅದರ ಕೊನೆಯ ಕಾಲಮ್ಮಿನಲ್ಲಿ ಸತ್ತ, ಓಡಿಹೋದ, ಪದಕ ಮುಟ್ಟುಗೋಲಾಯಿತು ಅಂತೆಲ್ಲ ಟಿಪ್ಪಣಿ ಇರುತ್ತದೆ. ಅದಕ್ಕೆ ನಮ್ಮ ಕಚೇರಿಗಳ ‘ಷರಾ’ ಹೇಳಿ ಮಾಡಿಸಿದ ಪದ, ಅಲ್ಲಿ ಚರ್ಚೆಯೇ ಬೇಡ ಅನ್ನಿಸುತ್ತದೆ. ಬದಲಿ ಪದಕ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಈ ವಹಿಯನ್ನೇ. ಹೆಸರು ಅಲ್ಲಿದ್ದರೆ ಅವನು ಪದಕಕ್ಕೆ ಹಕ್ಕುದಾರ ಅಂತ ಗಟ್ಟಿಯಾಗುತ್ತದೆ.

‘ಕ್ಲಾಸ್ಪ್’ ಇನ್ನೊಂದು. ರಿಬ್ಬನ್ ಮೇಲೆ ಅಡ್ಡಲಾಗಿ ಕೂರುವ, ಕದನದ ಹೆಸರಿರುವ ಲೋಹದ ಪಟ್ಟಿ. ‘ಅಡ್ಡಪಟ್ಟಿ’ ಸಾಕೇ? ಈ ಪದ ಪದೇಪದೇ ಬೇಕಾಗುತ್ತದೆ. 1880ರ ಜುಲೈ 27ರಂದು ಕಂದಹಾರದ ಪಶ್ಚಿಮಕ್ಕಿರುವ ಮೈವಂದ್‌ನಲ್ಲಿ 66ನೇ ರೆಜಿಮೆಂಟ್ ಭಾರಿ ಸಾವುನೋವು ಕಂಡಿತು. ಸೋತ ಆ ಕದನಕ್ಕೆ ಅಡ್ಡಪಟ್ಟಿಯನ್ನೇ ಕೊಡಲಿಲ್ಲ. ಬದುಕುಳಿದು ಸೆಪ್ಟೆಂಬರ್ 1ರ ಕದನದ ಹೊತ್ತಿಗೆ ಅಲ್ಲಿದ್ದವರಿಗೆ ‘ಕಂದಹಾರ್’ ಎಂಬುದು ಸಿಕ್ಕಿತು. ಹೀಗಾಗಿ ಬರಿ ರಿಬ್ಬನ್ನಿನ ಪದಕ ಕಂಡ ಕೂಡಲೇ ಇವನು ಯುದ್ಧವನ್ನೇ ನೋಡಿಲ್ಲ ಅಂದುಕೊಳ್ಳಬಾರದು. ಅದೇ ರೆಜಿಮೆಂಟ್ 1881ರಲ್ಲಿ 49ನೆಯದರ ಜೊತೆ ಸೇರಿ ಬರ್ಕ್‌ಶೈರ್ ರೆಜಿಮೆಂಟ್ ಆಯಿತು. ಮುಂದಿನ ಕಾಗದಗಳನ್ನು ಹೊಸ ಹೆಸರಲ್ಲಿ ಹುಡುಕಬೇಕು.

ಸೇವೆಯ ದಾಖಲೆಗೆ ‘ಸೇವಾ ಪುಸ್ತಕ’ ಅಂದರೆ ಸರ್ಕಾರಿ ನೌಕರರ ಎಸ್‌ಆರ್ (ಸರ್ವಿಸ್ ರಿಜಿಸ್ಟರ್) ಕಣ್ಣ ಮುಂದೆ ಬರುತ್ತದೆ. ಅರ್ಥ ಹೆಚ್ಚುಕಡಿಮೆ ಅದೇ, ನನಗೆ ಒಪ್ಪಿಗೆ. ಡಬ್ಲ್ಯೂಓ 97ರಲ್ಲಿರುವ ಈ ಕಾಗದಗಳಲ್ಲಿ ಹುಟ್ಟಿದ ಊರು, ಸೇರುವ ಮೊದಲು ಮಾಡುತ್ತಿದ್ದ ಕೆಲಸ, ಎತ್ತರ, ಕೂದಲ ಬಣ್ಣ ಎಲ್ಲ ಸಿಗುತ್ತವೆ. ಆದರೆ 1883ಕ್ಕೆ ಮುಂಚಿನವು ಬಹುಪಾಲು ಪಿಂಚಣಿ ಪಡೆದು ಬಿಡುಗಡೆಯಾದವರದ್ದು. ಸೇವೆಯಲ್ಲೇ ಸತ್ತವನ ಕಥೆಗೆ ‘ಮಸ್ಟರ್ ರೋಲ್’ ನೋಡಬೇಕು. ಇದನ್ನು ಹಾಗೇ ಬಿಡುತ್ತೇನೆ. ಉದ್ಯೋಗ ಖಾತ್ರಿ ಬಂದಮೇಲೆ ಹಳ್ಳಿಹಳ್ಳಿಯಲ್ಲೂ ಈ ಪದ ಗೊತ್ತು.

ಹಾಗೆಯೇ ‘ಕ್ಯಾಂಪೇನ್ ಮೆಡಲ್’ಗೆ ‘ಅಭಿಯಾನ ಪದಕ’ ಅಂತ ಯಾರೂ ಬರೆಯದಿರಲಿ ಅಂತ ಕೇಳಿಕೊಳ್ಳುತ್ತೇನೆ, ಅದು ಸ್ವಚ್ಛತಾ ಅಭಿಯಾನದ ಬಹುಮಾನದ ಹಾಗಿರುತ್ತದೆ. ‘ದಂಡಯಾತ್ರೆಯ ಪದಕ’ ಹಳೆಯ ಪದ, ಸರಿಯಾದ ಪದ.

ಸೇನೆಯಲ್ಲಿದ್ದವರು ಅಥವಾ ಅವರ ಮನೆಯವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಕಳೆದುಹೋದ ಪದಕಕ್ಕೆ ಮತ್ತೊಂದು ತರಿಸಿಕೊಂಡಾಗ ಮನೆಯಲ್ಲಿ, ರೆಜಿಮೆಂಟಿನಲ್ಲಿ ಅದಕ್ಕೆ ಏನನ್ನುತ್ತಿದ್ದಿರಿ? ‘ಅಡ್ಡಪಟ್ಟಿ’ಗೆ ನಿಮ್ಮಲ್ಲಿ ಬಳಕೆಯಲ್ಲಿರುವ ಬೇರೆ ಪದ ಇದೆಯೇ?