ಆಫೀಸಿಗೆ ಹಾಕೋ ಲೆದರ್ ಶೂ ತಗೊಳ್ಳೋವಾಗ ಏನೇನು ನೋಡ್ತೀರಾ?

ತಮ್ಮಂಗೆ ಕೆಲಸ ಸಿಕ್ಕಿದೆ, ದಿನಾ ಹಾಕ್ಕೊಂಡು ಹೋಗೋಕೆ ಕಪ್ಪು ಲೆದರ್ ಶೂ ಬೇಕು. ಒಂದೂವರೆ ಸಾವಿರದ್ದೂ ಇದೆ, ನಾಲ್ಕು ಸಾವಿರದ್ದೂ ಇದೆ, ಅಂಗಡೀಲಿ ನೋಡಿದ್ರೆ ಎರಡೂ ಒಂದೇ ಥರ ಹೊಳೀತವೆ. ವ್ಯತ್ಯಾಸ ಹೇಗೆ ಕಂಡುಹಿಡಿಯೋದು? ಅನುಭವ ಇರೋರು ದಯವಿಟ್ಟು ಹೇಳಿ.

———

ಹೊಳಪು ನೋಡ್ಲೇಬೇಡಿ, ಅದು ಮೇಲಿನ ಕೋಟಿಂಗ್ ಅಷ್ಟೇ. ಶೂ ತಿರುಗಿಸಿ, ಸೋಲ್ ಹೇಗೆ ಕೂರ್ಸಿದ್ದಾರೆ ನೋಡಿ. ಈ ರೇಟಲ್ಲಿ ಸಿಗೋದು ಹೆಚ್ಚಾಗಿ ಗಮ್ ಹಾಕಿ ಅಂಟಿಸಿದ್ದೇ, ಅದೇನೂ ಕೆಟ್ಟದ್ದಲ್ಲ, ಆದ್ರೆ ಅಂಚಿನ ಸುತ್ತ ದಾರದ ಹೊಲಿಗೆ ಕಾಣ್ತಿದೆ ಅಂತ ಜಾಸ್ತಿ ದುಡ್ಡು ಕೊಡೋಕೆ ಹೋಗ್ಬೇಡಿ, ಎಷ್ಟೋ ಶೂಗಳಲ್ಲಿ ಅದು ಬರೀ ಶೋಗೆ ಹಾಕಿರೋ ದಾರ, ಇಲ್ಲಾ ಅಚ್ಚಲ್ಲೇ ಬಂದಿರೋ ಗೆರೆ. ನಿಜವಾಗ್ಲೂ ಹೊಲಿದಿದ್ರೆ ಸಾಮಾನ್ಯವಾಗಿ ಸೋಲಿನ ತಳದಲ್ಲೋ ಒಳಗಿನ ಮೆತ್ತೆ ಎತ್ತಿದ್ರೋ ಹೊಲಿಗೆ ಸಾಲು ಕಾಣುತ್ತೆ. ಗುಡ್‌ಇಯರ್ ವೆಲ್ಟ್ ಅಂತಾರಲ್ಲ, ಅದರಲ್ಲಿ ಮೇಲ್ಭಾಗನ ಒಂದು ಪಟ್ಟಿಗೆ ಹೊಲಿದು ಆ ಪಟ್ಟಿಗೆ ಸೋಲ್ ಹೊಲೀತಾರೆ, ಸವೆದ್ಮೇಲೆ ಸೋಲ್ ಮಾತ್ರ ಬಿಚ್ಚಿ ಹೊಸದು ಹಾಕಿಸ್ಬಹುದು, ಆದ್ರೆ ಅದರ ಬೆಲೆನೇ ಬೇರೆ.

ಲೆದರ್ರಾ ರೆಕ್ಸಿನ್ನಾ ಅನ್ನೋದಕ್ಕೆ ಶೂ ನಾಲಿಗೆಯ, ಅಂದ್ರೆ ಲೇಸ್ ಕೆಳಗಿರೋ ಪಟ್ಟಿಯ, ಅಂಚು ನೋಡಿ. ಮಡಚಿ ಹೊಲೀದೆ ಹಾಗೇ ಕತ್ತರಿಸಿ ಬಿಟ್ಟಿದ್ರೆ ಸುಲಭ, ಲೆದರ್ ಆದ್ರೆ ನಾರುನಾರಾಗಿ ಕಾಣುತ್ತೆ, ರೆಕ್ಸಿನ್ ಆದ್ರೆ ಕೆಳಗೆ ಬಟ್ಟೆ, ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಪದರ ಗೊತ್ತಾಗುತ್ತೆ. ಕೆಲವು ಶೂ ಒಳಗಡೆ ಚಿಕ್ಕ ಚಿತ್ರಗಳ ಲೇಬಲ್ ಇರುತ್ತೆ, ಪ್ರಾಣಿ ತೊಗಲು ಹರಡಿಟ್ಟ ಥರ ಚಿತ್ರ ಇದ್ರೆ ಲೆದರ್, ಬರೀ ಡೈಮಂಡ್ ಇದ್ರೆ ಬೇರೆ ಮೆಟೀರಿಯಲ್, ತೊಗಲಿನ ಒಳಗೆ ಡೈಮಂಡ್ ಇದ್ರೆ ಕೋಟಿಂಗ್ ಕೊಟ್ಟ ಲೆದರ್.

ಆಮೇಲೆ ಹಿಮ್ಮಡಿ ಹಿಂಭಾಗ ಹೆಬ್ಬೆರಳಲ್ಲಿ ಒತ್ತಿ, ಮೆತ್ತಗೆ ಕುಸಿದ್ರೆ ಬಿಟ್ಬಿಡಿ. ಬಗ್ಗಿಸಿದ್ರೆ ಬೆರಳುಗಳ ಬುಡದ ಹತ್ರ ಬಗ್ಗಬೇಕು, ನಡುಮಧ್ಯದಲ್ಲಿ ಅಲ್ಲ.

———

ಸೋಲ್ ಯಾವ್ದರದ್ದು ಅಂತಲೂ ಕೇಳಿ ಮಾರ್ರೆ. ನಮ್ಮ ಮಂಗ್ಳೂರು ಕಡೆ ಮಳೆಗೆ ಪಿಯು, ಅಂದ್ರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್, ಸೋಲಿಂದೇ ದೊಡ್ಡ ತಲೆನೋವು. ಹಗುರ ಉಂಟು, ಕಾಲಿಗೆ ಮೆತ್ತಗೆ ಉಂಟು, ಆದ್ರೆ ಗಾಳಿಯ ತೇವಕ್ಕೆ ಪಾಲಿಯುರೆಥೇನ್ ನಿಧಾನಕ್ಕೆ ಒಡೀತದೆ, ಹಾಕದೆ ಡಬ್ಬದಲ್ಲಿ ಜೋಪಾನ ಮಾಡಿಟ್ರೂ ಕೆಲವು ವರ್ಷಕ್ಕೆ ಮುಟ್ಟಿದ್ರೆ ಪುಡಿಪುಡಿ ಉದುರ್ತದೆ, ಮೇಲಿನ ಲೆದರ್ ಮಾತ್ರ ಹೊಸದರ ಹಾಗೇ ಇರ್ತದೆ, ನೋಡಿದ್ರೆ ಹೊಟ್ಟೆ ಉರೀತದೆ. ಹಾಗಾಗಿ ಅರ್ಧ ರೇಟಿನ ಸೇಲಲ್ಲಿ ತಗೊಳ್ಳುವಾಗ ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಓದಿ, ಹಳೇ ಸ್ಟಾಕ್ ಆದ್ರೆ ಬೇಡವೇ ಬೇಡ. ರಬ್ಬರ್ ಅಥವಾ ಟಿಪಿಆರ್ (ರಬ್ಬರಿನ ಹಾಗಿರುವ ಪ್ಲಾಸ್ಟಿಕ್) ಸೋಲ್ ಸ್ವಲ್ಪ ಭಾರ, ಆದ್ರೆ ಹೀಗೆ ಪುಡಿಯಾಗುದಿಲ್ಲ.

———

ಮೇಲಿನವರು ಹೇಳಿದ್ದೆಲ್ಲ ಸರಿ. ನಿಮ್ಮ ಬೀದಿಯ ಚಪ್ಪಲಿ ರಿಪೇರಿಯವರನ್ನೂ ಒಂದ್ಸಲ ಕೇಳಿ, ಯಾವ ಥರದ್ದು ಸೋಲ್ ಬಾಯಿ ಬಿಟ್ಕೊಂಡು ಬರುತ್ತೆ ಅಂತ ಅವರು ದಿನಾ ನೋಡ್ತಿರ್ತಾರೆ. ಬೆಂಗಳೂರಲ್ಲಿದ್ರೆ ಲಿಡ್ಕರ್ ಅಂಗಡಿಗೂ ಹೋಗ್ಬನ್ನಿ, ನಮ್ಮ ಸರ್ಕಾರದ ಚರ್ಮ ನಿಗಮದ್ದು, ಅಲ್ಲಿ ಲೆದರ್ ಕೈಲಿ ಮುಟ್ಟಿ ನೋಡಿದ್ಮೇಲೆ ಬೇರೆ ಕಡೆ ಹೋಲಿಸೋಕೆ ಈಸಿ. ತಮ್ಮನ್ನ ಕರ್ಕೊಂಡು ಸಾಯಂಕಾಲ ಹೋಗಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತೆ, ಆಫೀಸಿಗೆ ಹಾಕೋ ಸಾಕ್ಸೇ ಹಾಕ್ಕೊಂಡು ಎರಡೂ ಕಾಲಿಗೆ ಹಾಕಿ ನಡೆದು ನೋಡ್ಲಿ.