ಒಳಗೆ ಹೊಟ್ಟೆಕಿಚ್ಚು ಇರುವಾಗ ಕರ್ತನ ಭೋಜನಕ್ಕೆ ಬರಬಹುದಾ, ಪಾಸ್ಟರ್?

ಪ್ರಶ್ನೆ:

ಪಾಸ್ಟರ್, ವಂದನೆಗಳು. ಹನ್ನೊಂದು ವರ್ಷದಿಂದ ನಮ್ಮ ಸಭೆಯ ಕ್ವಾಯರ್‌ನಲ್ಲಿ ಹಾಡುತ್ತಿದ್ದೇನೆ. ಹೋದ ಕ್ರಿಸ್ಮಸ್‌ಗೆ ಸೋಲೋ ಹಾಡನ್ನು ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ಕೊಟ್ಟರು. ಅವತ್ತಿನಿಂದ ಅವಳು ಬಾಯಿ ತೆರೆದರೆ ಸಾಕು, ನನಗೆ ಒಳಗೆ ಉರಿಯುತ್ತದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅದೇ. ‘ನಿರ್ಮಲಚಿತ್ತರು ಧನ್ಯರು, ಅವರು ದೇವರನ್ನು ನೋಡುವರು’ ಅಂತ ಮತ್ತಾಯ 5:8ರಲ್ಲಿ ಓದಿದಾಗಲೆಲ್ಲ, ಈ ಮಾತು ನನಗಲ್ಲ ಅನ್ನಿಸುತ್ತದೆ. ಮೂರು ತಿಂಗಳಿಂದ ಕರ್ತನ ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. ಆ ಹೊತ್ತಿಗೆ ಎದ್ದು ಹೊರಗೆ ಹೋಗಿ ನಲ್ಲಿ ಹತ್ತಿರ ಸುಮ್ನೆ ನಿಂತಿರುತ್ತೇನೆ. ಕೆಟ್ಟ ಯೋಚನೆಯೇ ಬಾರದ ಹೃದಯ ಯಾರಿಗಾದರೂ ಇರುತ್ತದಾ?

ಉತ್ತರ:

ತಂಗಿ, ವಂದನೆಗಳು. ಮೊದಲು ಕೊನೆಯ ಪ್ರಶ್ನೆಗೆ ಹೇಳುತ್ತೇನೆ. ಇರುವುದಿಲ್ಲ. ನನಗೂ ಇಲ್ಲ. ಯೇಸು ಕೇಳಿದ್ದೂ ಅದನ್ನಲ್ಲ.

ನಾವು ‘ನಿರ್ಮಲ’ ಅಂತ ಓದುವ ಕಡೆ ಗ್ರೀಕ್‌ನಲ್ಲಿರುವ ಮಾತು ಕಥರೋಸ್. ಅರಿಮಥಾಯದ ಯೋಸೇಫ ಯೇಸುವಿನ ದೇಹಕ್ಕೆ ಸುತ್ತಿದ ಶುದ್ಧವಾದ ನಾರುಬಟ್ಟೆಗೂ (ಮತ್ತಾಯ 27:59) ಅದೇ ಮಾತು. ಪ್ರಕಟನೆ 21:18ರ ಅಪ್ಪಟ ಚಿನ್ನಕ್ಕೂ ಅದೇ. ತೂರಿ ಹೊಟ್ಟು ತೆಗೆದ ಕಾಳಿಗೂ ಆಗಿನ ಜನ ಹಾಗೇ ಅನ್ನುತ್ತಿದ್ದರು. ಕೊಳೆ ಇಲ್ಲದ್ದು ಅಂತಲೂ ಅರ್ಥ, ಕಲಬೆರಕೆ ಇಲ್ಲದ್ದು ಅಂತಲೂ ಅರ್ಥ. ನಾವು ಕೊಳೆಯ ಮಾತನ್ನಷ್ಟೇ ಹಿಡಿದುಕೊಂಡು ಕೊರಗುತ್ತೇವೆ. ಕಲಬೆರಕೆಯದ್ದು ನೆನಪಿಗೇ ಬರುವುದಿಲ್ಲ.

ಮತ್ತಾಯದಲ್ಲೇ ಮುಂದಿನ ಅಧ್ಯಾಯ, ಆರನೆಯದು, ತೆಗೆದು ನೋಡಿ. ದಾನ, ಪ್ರಾರ್ಥನೆ, ಉಪವಾಸ, ಮೂರರ ಬಗ್ಗೆ ಯೇಸು ಮಾತಾಡುತ್ತಾನೆ. ಮೂರೂ ಒಳ್ಳೆಯ ಕೆಲಸಗಳೇ. ಆದರೆ ದೇವರಿಗೆ ಅಂತ ಮಾಡುತ್ತಾ ಕಣ್ಣನ್ನು ಜನರ ಕಡೆ ಇಟ್ಟಿರುತ್ತೇವಲ್ಲ, ಆತನಿಗೆ ನೋವಾಗುವುದು ಅಲ್ಲಿ. ಯಾಕೋಬನೂ 4:8ರಲ್ಲಿ ಹೃದಯವನ್ನು ಶುದ್ಧಮಾಡಿಕೊಳ್ಳಿ ಅಂತ ಹೇಳುವುದು ಎರಡು ಮನಸ್ಸಿನವರಿಗೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಒಂದು ಮಳೆಗಾಲ ಹಳ್ಳಿಗೆ ನೀರು ನುಗ್ಗಿತ್ತು. ಸಭೆಯಿಂದ ಅಕ್ಕಿ ತೆಗೆದುಕೊಂಡು ಹೋಗಿದ್ದೆವು. ಒಬ್ಬ ಅಜ್ಜಿಗೆ ಹತ್ತು ಕಿಲೋ ಚೀಲ ಕೊಡುವಾಗ, ಒಂದು ಫೋಟೋ ತೆಗಿ ಅಂತ ಜೊತೆಗಿದ್ದ ಹುಡುಗನಿಗೆ ಹೇಳಿದೆ. ಅಜ್ಜಿ ಒಂದು ಕೈಯಲ್ಲಿ ಚೀಲ ತಬ್ಬಿಕೊಂಡು ಇನ್ನೊಂದು ಕೈಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಾನು ನಗುತ್ತಾ ನಿಂತಿದ್ದೆ. ರಾತ್ರಿ ಆ ಫೋಟೋ ನೋಡಿ ನಿದ್ದೆ ಬರಲಿಲ್ಲ. ಅಕ್ಕಿ ಕೊಟ್ಟದ್ದು ಸರಿಯೇ. ಆದರೆ ಆ ಚೀಲದ ಜೊತೆ ನನ್ನ ಹೆಸರನ್ನೂ ಆ ಅಜ್ಜಿಯ ತೋಳಿಗೆ ಹೊರಿಸಿದ್ದೆ.

ನೀವು ಹನ್ನೊಂದು ವರ್ಷ ದೇವರಿಗೆ ಹಾಡಿದ್ದು ಸುಳ್ಳಲ್ಲ. ಆದರೆ ‘ಆ ಸೋಲೋ ನನ್ನದು’ ಅನ್ನುವುದೂ ಅದರೊಳಗೆ ಸೇರಿಕೊಂಡಿತ್ತು. ಆ ಹುಡುಗಿ ಬಂದದ್ದಕ್ಕೆ ಅದು ಹುಟ್ಟಲಿಲ್ಲ, ನಿಮ್ಮ ಕಣ್ಣಿಗೆ ಬಿತ್ತು ಅಷ್ಟೇ. ಮೊರದಲ್ಲಿ ಅಕ್ಕಿ ಹರಡಿದ ಮೇಲೆ ತಾನೇ ಕಲ್ಲು ಕಾಣುವುದು?

ಇನ್ನು ಕರ್ತನ ಭೋಜನ. 1 ಕೊರಿಂಥ 11:28ನ್ನು ನಿಧಾನವಾಗಿ ಓದಿ. ತನ್ನನ್ನು ಪರೀಕ್ಷಿಸಿಕೊಂಡು ಆಮೇಲೆ ರೊಟ್ಟಿಯನ್ನು ತಿನ್ನಲಿ ಅಂತ ಪೌಲ ಬರೆದಿದ್ದಾನೆ. ಪರೀಕ್ಷಿಸಿಕೊಂಡು ಎದ್ದು ಹೊರಗೆ ಹೋಗಲಿ ಅಂತ ಬರೆದಿಲ್ಲ. ಹೊಟ್ಟೆಕಿಚ್ಚನ್ನು ಸಾಕಿಕೊಂಡು, ಅದರಲ್ಲೇನು ತಪ್ಪು ಅಂತ ಮೇಜಿನ ಹತ್ತಿರ ಬರುವುದು ಬೇರೆ. ಅದನ್ನು ಕೈಯಲ್ಲಿ ಹಿಡಿದು, ಕರ್ತನೇ ಇದನ್ನು ತೆಗಿ ಅಂತ ಬರುವುದು ಬೇರೆ. ನೀವು ಎರಡನೆಯ ಸಾಲಿನವರು ಅಂತ ನನಗೆ ಅನ್ನಿಸುತ್ತದೆ.

ಒಬ್ಬರು ನಡುವೆ ಕೇಳಿದ್ದು: ಟಿವಿ, ಸಿನಿಮಾ, ಮೊಬೈಲ್ ಬಿಟ್ಟರೆ ಹೃದಯ ತಾನಾಗೇ ಶುದ್ಧವಾಗುತ್ತೆ ಅಲ್ವಾ, ಪಾಸ್ಟರ್?

ಉತ್ತರ:

ಕೆಲವನ್ನು ಬಿಡಲೇಬೇಕು, ಅಣ್ಣ. ಆದರೆ ತಾನಾಗೇ ಆಗುವುದಿಲ್ಲ. ಮಾರ್ಕ 7ರಲ್ಲಿ, ಶಿಷ್ಯರು ಕೈ ತೊಳೆಯದೆ ಊಟ ಮಾಡಿದರು ಅಂತ ಫರಿಸಾಯರು, ಅಂದರೆ ಆಚಾರ ಬಿಡದ ಯೆಹೂದ್ಯರ ಗುಂಪಿನವರು, ತಪ್ಪು ಹಿಡಿದರು. ನಮ್ಮ ಕಡೆಯ ಮಡಿ ನೋಡಿದವರಿಗೆ ಆ ಜಗಳ ಬೇಗ ಅರ್ಥವಾಗುತ್ತದೆ. ಹೊರಗಿಂದ ಒಳಗೆ ಹೋಗುವುದಲ್ಲ, ಹೃದಯದಿಂದ ಹೊರಗೆ ಬರುವುದೇ ಮನುಷ್ಯನನ್ನು ಹೊಲೆಮಾಡುತ್ತದೆ ಅಂದನು ಯೇಸು. ಆ ಪಟ್ಟಿಯಲ್ಲಿ ವ್ಯಭಿಚಾರ, ಕೊಲೆಯ ಜೊತೆಗೇ ಹೊಟ್ಟೆಕಿಚ್ಚು, ಸೊಕ್ಕು ಎಲ್ಲ ಇವೆ. ಮೊಬೈಲ್ ಕೆಳಗಿಟ್ಟವನಿಗೂ ಸೊಕ್ಕು ಬರಬಹುದು.

ಅದಕ್ಕೇ ದಾವೀದ ರಾಜನ ಪ್ರಾರ್ಥನೆ ನನಗೆ ಜಾಸ್ತಿ ಇಷ್ಟ. ಇನ್ನೊಬ್ಬನ ಹೆಂಡತಿ ಬತ್ಷೆಬೆಯ ಜೊತೆ ಅವನು ಮಾಡಿದ ಪಾಪವನ್ನು ಪ್ರವಾದಿ ನಾತಾನನು ಮುಖಕ್ಕೆ ಹೊಡೆದಂತೆ ಹೇಳಿದ ಮೇಲೆ ಅವನು ಹಾಡಿದ್ದು ಕೀರ್ತನೆ 51. ನನ್ನಲ್ಲಿ ಶುದ್ಧಹೃದಯವನ್ನು ನಿರ್ಮಿಸು ಅಂತ 10ನೇ ವಚನದಲ್ಲಿ ಬೇಡುತ್ತಾನೆ. ಹೀಬ್ರೂನಲ್ಲಿ ಆ ‘ನಿರ್ಮಿಸು’ ಮತ್ತು ಆದಿಕಾಂಡದ ಮೊದಲ ವಚನದಲ್ಲಿ ದೇವರು ಆಕಾಶ, ಭೂಮಿಯನ್ನು ಉಂಟುಮಾಡಿದ್ದು ಒಂದೇ ಕ್ರಿಯಾಪದ. ತೊಳೆದು ರಿಪೇರಿ ಮಾಡಿಕೊಡು ಅಂತಷ್ಟೇ ಕೇಳಿ ಅವನು ನಿಲ್ಲಿಸಲಿಲ್ಲ. ಹೊಸದೇ ಬೇಕು ಅಂದ.

ಮೊದಲು ಪ್ರಶ್ನೆ ಕೇಳಿದವರು ಮತ್ತೆ:

ಪಾಸ್ಟರ್, ಓದುತ್ತಾ ಅಳು ಬಂತು. ಹಾಗಾದರೆ ಆ ಹುಡುಗಿಯ ಹತ್ತಿರ ಹೋಗಿ, ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು, ಕ್ಷಮಿಸು ಅಂತ ಹೇಳಬೇಕಾ? ಇನ್ನೊಂದು ಮಾತು. ಅವಳಿಗೆ ಶ್ರುತಿ ನಿಲ್ಲುವುದಿಲ್ಲ ಅಂತ ಕ್ವಾಯರ್‌ನ ಒಬ್ಬ ಅಕ್ಕನಿಗೆ ಹೇಳಿದ್ದೆ. ಅದು ನಿಜ ಅಲ್ಲ.

ಉತ್ತರ:

ಹುಡುಗಿಗೆ ಹೇಳಬೇಡಿ, ತಂಗಿ. ಅವಳಿಗೆ ಏನೂ ಗೊತ್ತಿಲ್ಲ. ನಿಮ್ಮ ಮನಸ್ಸು ಹಗುರವಾಗಲಿ ಅಂತ ಅವಳ ಮನಸ್ಸು ಭಾರ ಮಾಡುವುದು ಸರಿಯಲ್ಲ. ಮುಂದಿನ ಸಲ ಹಾಡುವಾಗ ಅವಳ ಸ್ವರ ನಡುಗುತ್ತದೆ. ಅವಳ ಹೆಸರು ಹೇಳಿ ದಿನಾ ಪ್ರಾರ್ಥನೆ ಮಾಡಿ. ಮೊದಮೊದಲು ಬಾಯಿಗೆ ಬರುವುದಿಲ್ಲ. ಆದರೂ ಮಾಡಿ.

ಆದರೆ ಆ ಅಕ್ಕನ ವಿಷಯ ಬೇರೆ. ಅದು ಯೋಚನೆಯಲ್ಲ, ಬಾಯಿಂದ ಆಚೆ ಬಿದ್ದಿರುವ ಮಾತು. ಅವರಿಗೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಅಂತ ನೀವೇ ಹೇಳಬೇಕು. ಯಾಕೆ ಹೇಳಿದ್ದು ಅಂತ ಅವರು ಕೇಳಿದರೆ ಅದನ್ನೂ ಹೇಳಿ.

ಅವರು:

ಈಗಷ್ಟೇ ಮಾಡಿದೆ, ಪಾಸ್ಟರ್. ಅಕ್ಕ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ, ‘ನಾನೂ ಅದನ್ನು ಇನ್ನಿಬ್ಬರಿಗೆ ಹೇಳಿದ್ದೀನಿ ಕಣೇ’ ಅಂದರು. ನಾಳೆ ಪ್ರಾಕ್ಟೀಸ್ ಆದ ಮೇಲೆ ನಾನೂ ಅಕ್ಕನೂ ಸೇರಿ ಆ ಇನ್ನಿಬ್ಬರ ಹತ್ತಿರ ಹೋಗುತ್ತೇವೆ. ಭಾನುವಾರ ನಲ್ಲಿ ಹತ್ತಿರ ನಿಲ್ಲುವುದಿಲ್ಲ.